184 ಪಿನ್ನು ಮತ್ತು ಅಜ್ಜಿಯ ಹಾಡು

ಭಾನುವಾರ ಬೆಳಿಗ್ಗೆ ಎಂಟಕ್ಕೆ ಫೋನ್ ಬಂತು ಅಂದ್ರೆ ಅದು ಊರಿನದ್ದೇ. ಮ್ಯೂನಿಕ್‌ನಲ್ಲಿ ಆ ಹೊತ್ತಿಗೆ ನನ್ನನ್ನು ಎಬ್ಬಿಸುವ ಧೈರ್ಯ ಇನ್ಯಾರಿಗೂ ಇಲ್ಲ. ಇಲ್ಲಿ ಎಂಟು ಗಂಟೆಯಾದ್ರೆ ಬೇಸಿಗೆ ಲೆಕ್ಕದಲ್ಲಿ ತಿಪಟೂರಿನಲ್ಲಿ ಹನ್ನೊಂದೂವರೆ. ಅಪ್ಪನಿಗೆ ಆಗಲೇ ಅರ್ಧ ದಿನ ಮುಗಿದಿರುತ್ತೆ.

"ಕಂಪ್ಯೂಟರ್ ಕೂಗ್ತಾ ಇದೆ ಕಣೋ" ಅಂದ್ರು.

"ಯಾವ ಕಂಪ್ಯೂಟರ್ ಅಪ್ಪಾ?"

"ಇನ್ಯಾವುದು, ಅಂಗಡೀದು."

ನಿದ್ದೆ ಪೂರ್ತಿ ಹಾರಿಹೋಯ್ತು. ಅಂಗಡಿ ಮುಚ್ಚಿ ಹತ್ತು ವರ್ಷವಾಗಿದೆ. ಆದರೆ ಅಂಗಡಿಯ ಕಂಪ್ಯೂಟರ್ ಮಾತ್ರ ನಡುಮನೆಯ ಮೂಲೆಯಲ್ಲಿ, ಅಮ್ಮ ಹೊಲಿದ ಹೂವಿನ ಕವರ್ ಹೊದ್ದುಕೊಂಡು ಇನ್ನೂ ಕೂತಿದೆ. ಅಪ್ಪ ಫೋನನ್ನು ಅದರ ಹತ್ತಿರ ಹಿಡಿದರು. ಉದ್ದವಾಗಿ ಒಂದು ಬೀಪ್... ಸ್ವಲ್ಪ ಸುಮ್ಮನಿದ್ದು ಮತ್ತೊಂದು... ಮತ್ತೊಂದು... ನಿಲ್ಲೋದೇ ಇಲ್ಲ. ಹಿಂದಿನಿಂದ ಅಮ್ಮನ ದನಿ: "ಬೆಳಿಗ್ಗೆಯಿಂದ ಹಿಂಗೇ ಕರು ಕೂಗಿದ ಹಾಗೆ ಕೂಗ್ತಾ ಇದೆ ಪುಟ್ಟ, ಏನಾದ್ರೂ ಮಾಡು."

ಸಾಫ್ಟ್‌ವೇರ್ ಇಂಜಿನಿಯರ್ ಆದವನಿಗೆ ಕಂಪ್ಯೂಟರ್ ರಿಪೇರಿ ಬರಲ್ಲ ಅಂದ್ರೆ ನಮ್ಮೂರಲ್ಲಿ ಯಾರೂ ನಂಬಲ್ಲ. ನಿಜ ಹೇಳ್ತೀನಿ, ನಾನು ದಿನಾ ಕೆಲಸ ಮಾಡುವ ಸರ್ವರ್‌ಗಳನ್ನ ಕಣ್ಣಲ್ಲಿ ನೋಡಿಲ್ಲ. ಮೆಮೊರಿ ಸಾಲದಿದ್ದರೆ ಒಂದು ಫೈಲಿನಲ್ಲಿ 16 ಅಂತ ಇರೋದನ್ನ 32 ಅಂತ ತಿದ್ದುತ್ತೀನಿ, ಅಷ್ಟೇ. ಬಿ.ಇ. ಓದುವಾಗ ಮೆಮೊರಿ ವಿಳಾಸದ ಬಗ್ಗೆ ಪುಟಗಟ್ಟಲೆ ಬರೆದು ಪಾಸಾಗಿದ್ದೆ. ಆದರೆ ಒಂದು ರ‍್ಯಾಮ್ ಪಟ್ಟಿಯನ್ನು ಕೈಯಲ್ಲಿ ಹಿಡಿದು ಸ್ಲಾಟಿಗೆ ಕೂರಿಸಿದವನಲ್ಲ. ಹಾಗೆ ಕೂರಿಸುವ ಯೋಗ ಬಂದದ್ದು ಹೋದ ವರ್ಷ. ಅದರ ಕಥೆಯೇ ಇದು.

*

ಮೊದಲು ಆ ಕಂಪ್ಯೂಟರ್ ಬಗ್ಗೆ ಹೇಳಿಬಿಡ್ತೀನಿ.

ಅಪ್ಪ ಬಸ್ ಸ್ಟ್ಯಾಂಡ್ ಹತ್ತಿರ ಡಿಟಿಪಿ ಅಂಗಡಿ ಇಟ್ಟಿದ್ದರು. ಲಗ್ನಪತ್ರಿಕೆ, ಕರಪತ್ರ, ತಿಥಿ ಕಾರ್ಡು, ಕೊಬ್ಬರಿ ಮಂಡಿಯವರ ಬಿಲ್ ಪುಸ್ತಕ... ತಿಪಟೂರಿನ ಸುತ್ತಮುತ್ತ ಅರ್ಧ ಮದುವೆಗಳ ಅಕ್ಷರ ನಮ್ಮಪ್ಪನ ಕೈಯಿಂದಲೇ ಹೊರಟಿದ್ದು ಅಂತ ಅಮ್ಮ ಈಗಲೂ ಜಂಬ ಪಡ್ತಾರೆ. 2003ರಲ್ಲಿ ಸಾಲ ಮಾಡಿ ಬೆಂಗಳೂರಿನ ಎಸ್.ಪಿ. ರೋಡಿನಿಂದ ಈ ಯಂತ್ರ ಜೋಡಿಸಿಕೊಂಡು ಬಂದರು. ನನಗಾಗ ಆರು ವರ್ಷ. ಪೆಂಟಿಯಂ 4, ಇಂಟೆಲ್ 845ಜಿ ಚಿಪ್‌ಸೆಟ್‌ನ ಮದರ್‌ಬೋರ್ಡ್, 256 ಎಂಬಿ ಮೆಮೊರಿ, ವಿಂಡೋಸ್ 98, ಪೇಜ್‌ಮೇಕರ್. ಜೊತೆಗೆ ಒಂದು ಕನ್ನಡ ಅಕ್ಷರದ ಸಾಫ್ಟ್‌ವೇರು. ಅದರ ಡಾಂಗಲ್ ಅನ್ನೋ ಬೆರಳುದ್ದದ ಬೀಗವನ್ನು ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಿದ್ದರೆ ಮಾತ್ರ ಅಕ್ಷರ ಮೂಡುತ್ತಿತ್ತು.

ಇಷ್ಟೇ ಆಗಿದ್ದರೆ "ಗುಜರಿಗೆ ಹಾಕಪ್ಪ" ಅಂದು ಮತ್ತೆ ಮಲಗುತ್ತಿದ್ದೆ. ಹಾಗೆ ಅನ್ನೋ ಹಾಗಿರಲಿಲ್ಲ. ಅದರಲ್ಲಿ ಅಜ್ಜಿ ಇದ್ದಳು.

ಅಜ್ಜಿ, ಅಂದ್ರೆ ಅಪ್ಪನ ಅಮ್ಮ, ಸೋಬಾನೆ ಹಾಡುವವಳು. ಸುತ್ತ ಹತ್ತಿಪ್ಪತ್ತು ಹಳ್ಳಿಯಲ್ಲಿ ಮದುವೆ ಅಂದ್ರೆ ಅಜ್ಜಿಗೆ ಕರೆ ಬರ್ತಿತ್ತು. ಎಣ್ಣೆ ಶಾಸ್ತ್ರಕ್ಕೊಂದು, ಅರಿಶಿನಕ್ಕೊಂದು, ಹಸೆಗೆ ಕರೆಯೋದಕ್ಕೊಂದು, ಬೀಗರನ್ನು ಆಡಿಕೊಳ್ಳೋದಕ್ಕೊಂದು, ಹೆಣ್ಣು ಒಪ್ಪಿಸೋದಕ್ಕೊಂದು. ಅವಳಿಗೆ ಓದು ಬರಹ ಬರ್ತಿರಲಿಲ್ಲ. 2006ರ ಮಳೆಗಾಲದಲ್ಲಿ ಅಪ್ಪ ಒಂದು ಕೆಲಸ ಮಾಡಿದರು. ರಾತ್ರಿ ಊಟವಾದ ಮೇಲೆ ಅಜ್ಜಿಯನ್ನು ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿ, ಅವಳು ಹೇಳ್ತಾ ಹೋದಂತೆ ನೇರವಾಗಿ ಪೇಜ್‌ಮೇಕರ್‌ನಲ್ಲೇ ಟೈಪ್ ಮಾಡಿಕೊಂಡರು. 112 ಹಾಡು, 96 ಪುಟ. ಪುಸ್ತಕ ಮಾಡಿಸೋಣ ಅಂತ ಇತ್ತು, ದುಡ್ಡು ಹೊಂದಲಿಲ್ಲ. ಪ್ರಿಂಟ್ ತೆಗೆದಿದ್ದ ಒಂದೇ ಒಂದು ಪ್ರತಿ ಅತ್ತೆಯ ಮನೆಯ ಅಟ್ಟದಲ್ಲಿ ಗೆದ್ದಲಿಗೆ ಹೋಯ್ತು. 2019ರಲ್ಲಿ ಅಜ್ಜಿಯೂ ಹೋದಳು.

ಈಗ ತಂಗಿಯ ಮದುವೆ ಗೊತ್ತಾಗಿತ್ತು. ತಾಂಬೂಲದ ಜೊತೆ ಅಜ್ಜಿಯ ಹಾಡಿನ ಪುಸ್ತಕ ಕೊಡಬೇಕು ಅಂತ ಅಮ್ಮನ ಆಸೆ. ಆ ಫೈಲ್ ತೆಗೆಯೋಣ ಅಂತಲೇ ಅಪ್ಪ ಎಷ್ಟೋ ತಿಂಗಳ ಮೇಲೆ ಸ್ವಿಚ್ ಒತ್ತಿದ್ದು. ಕೂಗಿದ್ದು ಆಗ.

"ಹಾರ್ಡ್‌ಡಿಸ್ಕ್ ತೆಗೆದು ಬೇರೆ ಕಂಪ್ಯೂಟರಿಗೆ ಹಾಕಬಹುದಿತ್ತಲ್ಲ" ಅಂತ ನೀವು ಕೇಳ್ತೀರಿ, ಗೊತ್ತು. ಫೈಲುಗಳ ಕಾಪಿ ಮೊದಲೇ ಸಿಡಿಯಲ್ಲಿ ಇತ್ತು. ತೊಂದರೆ ಫೈಲಿನದ್ದಲ್ಲ, ಅದನ್ನು ಓದೋದರದ್ದು. ಕನ್ನಡ 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಸೇರಿತ್ತು, ಆದರೆ ವಿಂಡೋಸ್‌ನಲ್ಲಿ ಅದಕ್ಕೆ ಸರಿಯಾದ ಆಸರೆ ಸಿಕ್ಕಿದ್ದು ಎಕ್ಸ್‌ಪಿ ಬಂದಮೇಲೆ. ಅದಕ್ಕೂ ಮುಂಚಿನ ಡಿಟಿಪಿ ಸಾಫ್ಟ್‌ವೇರುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿಕೊಂಡಿದ್ದವು. ಒಬ್ಬೊಬ್ಬರದು ಒಂದೊಂದು ಲೆಕ್ಕ. ಆ ಫಾಂಟ್ ಇಲ್ಲದೆ ತೆರೆದರೆ ಹಸೆಯ ಹಾಡು ಬೆಕ್ಕು ಕೀಬೋರ್ಡ್ ಮೇಲೆ ಓಡಾಡಿದಂತೆ ಕಾಣುತ್ತೆ. ಫಾಂಟ್ ಬೇಕೆಂದರೆ ಡಾಂಗಲ್ ಬೇಕು, ಡಾಂಗಲಿಗೆ ಆ ಹಳೇ ಪೋರ್ಟ್ ಬೇಕು, ಅದು ಇರೋದು ಆ ಯಂತ್ರದಲ್ಲಿ. ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡಿದ್ದಿದ್ದರೆ ಪರಿವರ್ತಕಗಳು ಸಿಗ್ತಾವೆ. ಅಪ್ಪನ ಸಾಫ್ಟ್‌ವೇರಿಗೆ ನನಗೆ ಯಾವುದೂ ಸಿಗಲಿಲ್ಲ. ಒಟ್ಟಿನಲ್ಲಿ ಆ ಡಬ್ಬ ಇನ್ನೊಂದೇ ಒಂದು ದಿನವಾದರೂ ಏಳಲೇಬೇಕಿತ್ತು.

*

ನಿಲ್ಲದ ಉದ್ದ ಬೀಪ್ ಅಂದರೆ, ಅಪ್ಪನ ಯಂತ್ರದಲ್ಲಿದ್ದ ಅವಾರ್ಡ್ ಬಯೋಸ್‌ನ ಭಾಷೆಯಲ್ಲಿ, "ನನಗೆ ಮೆಮೊರಿ ಸಿಗ್ತಾ ಇಲ್ಲ" ಅಂತ ಅರ್ಥ. ಪರದೆಗೆ ಜೀವ ಬರೋದಕ್ಕೂ ಮುಂಚೆಯೇ ಮೆಮೊರಿ ಬೇಕು. ಅದಿಲ್ಲದಿದ್ದರೆ ದೂರು ಹೇಳೋಕೆ ಸ್ಪೀಕರ್ ಒಂದೇ ದಾರಿ. ಬೇರೆ ಕಂಪನಿಯ ಬಯೋಸ್‌ಗಳಲ್ಲಿ ಬೀಪಿನ ಲೆಕ್ಕ ಬೇರೆ, ಅದಕ್ಕೇ ಯಾವ ಬಯೋಸ್ ಅಂತ ಮೊದಲು ನೋಡಿಕೊಳ್ಳಬೇಕು.

ವಿಡಿಯೋ ಕಾಲ್‌ನಲ್ಲಿ ಅಪ್ಪನ ಕೈಲೇ ಬಿಚ್ಚಿಸಿದೆ. ಮೊದಲು ಪವರ್ ಕಾರ್ಡನ್ನೇ ಕಿತ್ತಿಡಬೇಕು, ಶಟ್‌ಡೌನ್ ಮಾಡಿದರೆ ಸಾಲದು. ಎಟಿಎಕ್ಸ್ ಯಂತ್ರಗಳಲ್ಲಿ "ಆಫ್" ಆಗಿದ್ದಾಗಲೂ 5 ವೋಲ್ಟಿನ ಒಂದು ಲೈನ್ ಬೋರ್ಡಿಗೆ ಬರ್ತಾನೇ ಇರುತ್ತೆ. ಆ ಹೊತ್ತಲ್ಲಿ ಪಟ್ಟಿ ಕಿತ್ತರೆ ಪಟ್ಟಿಯೂ ಹೋಗಬಹುದು, ಬೋರ್ಡೂ ಹೋಗಬಹುದು. ಕಾರ್ಡ್ ಕಿತ್ತ ಮೇಲೆ ಪವರ್ ಬಟನ್ ಒಂದೆರಡು ಸಲ ಒತ್ತಿದರೆ ಉಳಿದ ಚೂರುಪಾರು ಕರೆಂಟೂ ಖಾಲಿ. ಆಮೇಲೆ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಬೇಕು, ಮೈಮೇಲಿನ ಸ್ಥಿರ ವಿದ್ಯುತ್ ಚಿಪ್ಪಿಗೆ ಹರಿಯಬಾರದಲ್ಲ.

"ಇದೆಲ್ಲಾ ನಂಗೊತ್ತು ಕಣೋ, ನೀನು ಹುಟ್ಟೋಕೆ ಮುಂಚಿಂದ ಕಂಪ್ಯೂಟರ್ ಬಿಚ್ತಾ ಇದ್ದೀನಿ" ಅಂದ್ರು ಅಪ್ಪ. ಎರಡೂ ಕಡೆಯ ಕ್ಲಿಪ್ಪು ಹೊರಕ್ಕೆ ಸರಿಸಿ, ಪಟ್ಟಿ ತೆಗೆದು, ಕೆಳಗಿನ ಚಿನ್ನದ ಬಣ್ಣದ ಪಿನ್ನುಗಳನ್ನು ನನ್ನ ಹಳೇ ಕಂಪಾಸ್ ಬಾಕ್ಸಿನ ರಬ್ಬರಿನಿಂದ ಮೆಲ್ಲಗೆ ಉಜ್ಜಿದರು. ಇದು ಹಳೇ ರಿಪೇರಿಯವರ ಮದ್ದು, ಕೆಲಸ ಮಾಡುತ್ತೆ. ಆದರೆ ಜೋರಾಗಿ ಉಜ್ಜಿದರೆ ಚಿನ್ನದ ಲೇಪ ತೆಳುವಾಗುತ್ತೆ, ರಬ್ಬರಿನ ಪುಡಿ ಸ್ಲಾಟಿಗೆ ಬೀಳುತ್ತೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆ ಇದಕ್ಕಿಂತ ವಾಸಿ.

ಬೀಪ್ ನಿಂತಿತು, ವಿಂಡೋಸ್ ಬಂತು. ಅಮ್ಮ ಕಾಫಿ ತಂದರು. ಪೇಜ್‌ಮೇಕರ್ ತೆಗೆದು ಮೂರನೇ ಹಾಡಿಗೆ ಬರುವಷ್ಟರಲ್ಲಿ ನೀಲಿ ಪರದೆ. ಮತ್ತೆ ಹಾಕಿದರೆ ಮತ್ತೆ ಕೂಗು. ಇನ್ನೊಂದು ಸ್ಲಾಟಿಗೆ ಬದಲಾಯಿಸಿದರೂ ಅದೇ ಕಥೆ. ಎರಡೂ ಸ್ಲಾಟಿನಲ್ಲಿ ಒಂದೇ ರಾಗ ಅಂದ್ರೆ ದೋಷ ಬಹುಮಟ್ಟಿಗೆ ಪಟ್ಟಿಯದ್ದೇ.

"ರ‍್ಯಾಮ್ ಹೋಗಿದೆ ಅಪ್ಪಾ."

"ಇಲ್ಲಿ ಅಂಗಡಿಯವರನ್ನ ಕೇಳಿದೆ, ನಗ್ತಾರೆ. ಎಸ್.ಪಿ. ರೋಡಿಗೆ ಹೋಗಿ ಇಂಥದ್ದೇ ಒಂದು 256 ತಂದುಬಿಡ್ತೀನಿ ಬಿಡು."

"ಈ ವಯಸ್ಸಲ್ಲಿ ಯಾಕಪ್ಪ ಬೆಂಗಳೂರಿಗೆ ಅಲೀತೀಯ? ದೀಪಾವಳಿಗೆ ನಾನೇ ತರ್ತೀನಿ. 256 ಏನು, 2 ಜಿಬಿ ಹಾಕೋಣ. ಕುದುರೆ ಥರ ಓಡುತ್ತೆ."

ಅಪ್ಪ ಏನೂ ಅನ್ನಲಿಲ್ಲ. ಕೇಳಿಸಿಕೊಂಡರೋ ಇಲ್ಲವೋ ಅಂದುಕೊಂಡೆ.

*

ಹಳೇ ಮೆಮೊರಿ ಕೊಳ್ಳೋದು ಹಳೇ ಸ್ಕೂಟರಿಗೆ ಪಾರ್ಟು ಹುಡುಕಿದ ಹಾಗೆ. ಹೆಸರು ಒಂದೇ ಇದ್ದರೂ ಇದರದ್ದು ಅದಕ್ಕಾಗಲ್ಲ. ಡೆಸ್ಕ್‌ಟಾಪಿನ ಪಟ್ಟಿಗಳೆಲ್ಲ ಉದ್ದದಲ್ಲಿ ಒಂದೇ, 133 ಮಿ.ಮೀ. ಚಿಲ್ಲರೆ. ಆದರೆ ಪ್ರತಿ ಪೀಳಿಗೆಗೂ ಪಿನ್ನು ಬೇರೆ, ವೋಲ್ಟೇಜ್ ಬೇರೆ, ಕೆಳಗಿನ ಕಚ್ಚು ಇರುವ ಜಾಗ ಬೇರೆ.

1990ರ ದಶಕದ ಕೊನೆಯ ಎಸ್‌ಡಿರ‍್ಯಾಮ್‌ಗೆ 168 ಪಿನ್ನು, ಎರಡು ಕಚ್ಚು, 3.3 ವೋಲ್ಟ್. ಅದಾದ ಮೇಲೆ ಬಂದ ಡಿಡಿಆರ್‌ಗೆ 184 ಪಿನ್ನು, ಒಂದೇ ಕಚ್ಚು, 2.5 ವೋಲ್ಟ್. ಅಪ್ಪನದ್ದು ಇದು. ಡಿಡಿಆರ್2ಗೆ 240 ಪಿನ್ನು, 1.8 ವೋಲ್ಟ್. ಡಿಡಿಆರ್3ಕ್ಕೂ 240 ಪಿನ್ನೇ, ಆದರೆ ಕಚ್ಚು ಬೇರೆ ಕಡೆ, 1.5 ವೋಲ್ಟ್. ಡಿಡಿಆರ್4ಕ್ಕೆ 288 ಪಿನ್ನು, 1.2 ವೋಲ್ಟ್. ಡಿಡಿಆರ್5ಕ್ಕೂ 288, 1.1 ವೋಲ್ಟ್, ಕಚ್ಚು ಮತ್ತೆ ಬೇರೆ. ಕಚ್ಚು ಇರೋದೇ ತಪ್ಪು ಪಟ್ಟಿ ತಪ್ಪು ಸ್ಲಾಟಿಗೆ ಇಳಿಯದಿರಲಿ ಅಂತ. ಇಳಿಯಲಿಲ್ಲ ಅಂದ್ರೆ ಬಲ ಹಾಕೋದಲ್ಲ, ಸುಮ್ಮನೆ ವಾಪಸ್ ಇಡೋದು.

ಇನ್ನು ವೇಗದ ಹೆಸರುಗಳು ಒಂದು ಗೋಜಲು. ಪಿಸಿ133 ಅಂದ್ರೆ 133 ಮೆಗಾಹರ್ಟ್ಸ್. ಅದರ ಮುಂದಿನ ಪೀಳಿಗೆಯ ಹೆಸರು ಪಿಸಿ2100! ಹದಿನಾರು ಪಟ್ಟು ವೇಗ ಅಂತ ತಿಳಿಯಬೇಡಿ. ಡಿಡಿಆರ್ ಬಂದಾಗ ಹೆಸರಿಡುವ ಲೆಕ್ಕವೇ ಬದಲಾಯ್ತು. ಸೆಕೆಂಡಿಗೆ 266 ಮಿಲಿಯನ್ ಸಲ, ಸಲಕ್ಕೆ 8 ಬೈಟ್, ಗುಣಿಸಿದರೆ ಸುಮಾರು 2100 ಮೆಗಾಬೈಟ್. ಹಾಗಾಗಿ ಡಿಡಿಆರ್266 ಮತ್ತು ಪಿಸಿ2100 ಎರಡೂ ಒಂದೇ. ಹಾಗೇ ಡಿಡಿಆರ್333 ಅಂದ್ರೆ ಪಿಸಿ2700, ಡಿಡಿಆರ್400 ಅಂದ್ರೆ ಪಿಸಿ3200. ಸಾಮಾನ್ಯವಾಗಿ ವೇಗದ ಪಟ್ಟಿಯನ್ನು ನಿಧಾನದ ಬೋರ್ಡಿಗೆ ಹಾಕಿದರೆ ತೊಂದರೆಯಿಲ್ಲ. ಪಟ್ಟಿಯ ಮೂಲೆಯಲ್ಲಿ ಎಸ್‌ಪಿಡಿ ಅನ್ನೋ ಪುಟ್ಟ ಚಿಪ್ ಇರುತ್ತೆ. "ನಾನು ಇಷ್ಟು ದೊಡ್ಡವನು, ಇಷ್ಟು ವೇಗ" ಅನ್ನೋ ಜಾತಕ ಅದರಲ್ಲಿರುತ್ತೆ. ಬಯೋಸ್ ಅದನ್ನು ಓದಿ ಇಬ್ಬರಿಗೂ ಹೊಂದುವ ವೇಗಕ್ಕೆ ಇಳಿಸುತ್ತೆ.

ಇಷ್ಟು ಓದಿಕೊಂಡ ಮೇಲೆ ನಾನು ಪಂಡಿತ ಅನ್ನಿಸಿಬಿಡ್ತು :-)

ಮ್ಯೂನಿಕ್‌ನಲ್ಲಿ ಹಳೇ ಎಲೆಕ್ಟ್ರಾನಿಕ್ಸ್ ಎಸೆಯೋಕೆ ವೆರ್ಟ್‌ಸ್ಟಾಫ್‌ಹೋಫ್ ಅಂತ ಜಾಗಗಳಿವೆ. ಅಲ್ಲಿನ ಡಬ್ಬಗಳಲ್ಲಿ ನಮ್ಮಪ್ಪನದರಂಥ ಯಂತ್ರಗಳು ಕಣ್ಣಿಗೆ ಬೀಳ್ತಾವೆ, ಆದರೆ ಎಸೆದದ್ದನ್ನು ಎತ್ತಿಕೊಂಡು ಬರೋ ಹಾಗಿಲ್ಲ. ಹಾಗಾಗಿ ಹಳೇ ಸಾಮಾನಿನ ಜಾಹೀರಾತುಗಳಲ್ಲಿ ಹುಡುಕಿದೆ. ಒಬ್ಬರ ಹತ್ತಿರ 1 ಜಿಬಿಯ ಎರಡು ಪಟ್ಟಿ, ಡಿಡಿಆರ್400, ಎರಡಕ್ಕೂ ಸೇರಿ ಎಂಟು ಯೂರೋ. 845ಜಿ ಚಿಪ್‌ಸೆಟ್ ಗರಿಷ್ಠ 2 ಜಿಬಿ ತೆಗೆದುಕೊಳ್ಳುತ್ತೆ ಅಂತ ನೋಡಿಕೊಂಡಿದ್ದೆ. ಸರಿಯಾಗಿ ಹೊಂದಿತಲ್ಲ ಅಂತ ಕೊಂಡೆ. ಜಾಹೀರಾತಿನ ಕೊನೆಯಲ್ಲಿ "ಹೈ ಡೆನ್ಸಿಟಿ" ಅಂತಿತ್ತು. ಹೈ ಅಂದ್ರೆ ಒಳ್ಳೇದೇ ಇರಬೇಕು ಅಂದುಕೊಂಡೆ! ಆಫೀಸಿನಲ್ಲಿ ಹಾರ್ಡ್‌ವೇರ್ ನೋಡಿಕೊಳ್ಳುವ ಜರ್ಮನ್ ಹಿರಿಯರೊಬ್ಬರು ಇದನ್ನು ಕೇಳಿ ಹುಬ್ಬು ಏರಿಸಿದರು. ಏನೂ ವಿವರಿಸಲಿಲ್ಲ. ಮಾರನೇ ದಿನ ತಮ್ಮ ಡ್ರಾಯರ್‌ನಿಂದ 512 ಎಂಬಿಯ ಎರಡು ಪಟ್ಟಿ ತಂದು ಮೇಜಿನ ಮೇಲಿಟ್ಟು "ಇದನ್ನೂ ಇಟ್ಟುಕೋ" ಅಂದರು. ಮೆಮ್‌ಟೆಸ್ಟ್86+ ಅನ್ನೋ ಮೆಮೊರಿ ಪರೀಕ್ಷೆಯ ಸಿಡಿಯನ್ನೂ ಬರೆದುಕೊಟ್ಟರು.

*

ದೀಪಾವಳಿಯ ಮುನ್ನಾದಿನ ತಿಪಟೂರು. ಎಣ್ಣೆ ಸ್ನಾನಕ್ಕೆ ಹಂಡೆ ತುಂಬಿಸುತ್ತಿದ್ದ ಅಪ್ಪನನ್ನು ಎಳೆದುಕೊಂಡು ಬಂದು ಕ್ಯಾಬಿನೆಟ್ ಬಿಚ್ಚಿದೆ. ಕಚ್ಚು ನೋಡಿಕೊಂಡು, ಪಟ್ಟಿಯನ್ನು ನೆಟ್ಟಗೆ ಇಟ್ಟು, ಎರಡೂ ತುದಿಯಲ್ಲಿ ಹೆಬ್ಬೆರಳಿಟ್ಟು ಸಮವಾಗಿ ಒತ್ತಿದೆ. ಟಕ್. ಕ್ಲಿಪ್ಪುಗಳು ತಾವಾಗೇ ಒಳಕ್ಕೆ ಬಂದವು. ಇನ್ನೊಂದೂ ಟಕ್. ಜೀವಮಾನದಲ್ಲಿ ಮೊದಲ ಸಲ ಕಂಪ್ಯೂಟರಿಗೆ ಮೆಮೊರಿ ಹಾಕಿದ್ದೆ. ಸ್ವಿಚ್ ಒತ್ತಿದೆ.

ಕಪ್ಪು ಪರದೆ. ಉದ್ದ ಬೀಪ್.

ಒಂದನ್ನೇ ಹಾಕಿದೆ, ಬೀಪ್. ಅದಲು ಬದಲು ಮಾಡಿದೆ, ಬೀಪ್. ಅಮ್ಮ ಅಡುಗೆಮನೆಯಿಂದ ಇಣುಕಿ "ಮತ್ತೆ ಕರು ಕೂಗ್ತಲ್ಲ" ಅಂದ್ರು. ಅಪ್ಪ ಒಂದು ಮಾತೂ ಆಡದೆ ಎದ್ದು ಹೋಗಿ ಬೀರು ತೆಗೆದು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಕಟ್ಟೊಂದನ್ನು ತಂದಿಟ್ಟರು. 2003ರ ಬಿಲ್ಲು, ವಾರಂಟಿ ಕಾರ್ಡು, ಮದರ್‌ಬೋರ್ಡಿನ ಕೈಪಿಡಿ.

"ಇದು ಇತ್ತಾ? ಹೇಳೋದಲ್ವಾ ಅಪ್ಪಾ?"

"ಕೇಳಿದ್ಯಾ?"

ಕೈಪಿಡಿಯಲ್ಲಿ ಯಾವ ಯಾವ ಮೆಮೊರಿ ಹೊಂದುತ್ತೆ ಅನ್ನೋ ಕೋಷ್ಟಕ ಇತ್ತು. 1 ಜಿಬಿ ಸಾಲಿನಲ್ಲಿ ಒಂದೇ ಬಗೆ: 64ಎಂ × 8ರ ಚಿಪ್ಪು, ಎರಡು ಬದಿ ಸೇರಿ ಹದಿನಾರು. ನನ್ನ ಪಟ್ಟಿಯಲ್ಲೂ ಹದಿನಾರೇ ಚಿಪ್ಪು. ಚಿಪ್ಪಿನ ಮೇಲಿನ ನಂಬರನ್ನು ಫೋನಿನಲ್ಲಿ ಹುಡುಕಿದಾಗ ಬಂಡವಾಳ ಬಯಲಾಯ್ತು. ಅವು 128ಎಂ × 4.

ಏನು ವ್ಯತ್ಯಾಸ? ಎರಡೂ ಚಿಪ್ಪು 512 ಮೆಗಾಬಿಟ್ಟೇ. ಬೀದಿಗಳ ಹಾಗೆ ಯೋಚಿಸಿ. ಮೊದಲನೆಯದು 64 ಮಿಲಿಯನ್ ಮನೆಗಳ ಬೀದಿ, ಮನೆಗೆ 8 ಜನ. ಎರಡನೆಯದು 128 ಮಿಲಿಯನ್ ಮನೆಗಳ ಬೀದಿ, ಮನೆಗೆ 4 ಜನ. ಒಟ್ಟು ಜನ ಅಷ್ಟೇ. ಆದರೆ ಉದ್ದದ ಬೀದಿಯಲ್ಲಿ ಮನೆ ಹುಡುಕೋಕೆ ವಿಳಾಸದಲ್ಲಿ ಒಂದು ಬಿಟ್ ಜಾಸ್ತಿ ಬೇಕು. 64 ಮಿಲಿಯನ್‌ಗೆ 26 ಬಿಟ್ ಸಾಕು, 128 ಮಿಲಿಯನ್‌ಗೆ 27. ಇಂಟೆಲ್‌ನ ಈ ಚಿಪ್‌ಸೆಟ್ ಅನ್ನೋ ಪೋಸ್ಟ್‌ಮ್ಯಾನ್‌ಗೆ × 8 ಮತ್ತು × 16 ಬೀದಿಗಳು ಮಾತ್ರ ಗೊತ್ತು. × 4ರ ಬೀದಿಗೆ ಬೇಕಾದ ಆ ಒಂದು ಅಂಕಿ ಅವನಿಗೆ ಬರೆಯೋಕೇ ಬರಲ್ಲ. ಬೇರೆ ಕೆಲವು ಕಂಪನಿಗಳ ಚಿಪ್‌ಸೆಟ್‌ನಲ್ಲಿ ಇಂಥ ಪಟ್ಟಿ ನಡೆಯುತ್ತೆ, ಅದಕ್ಕೇ ಅಗ್ಗಕ್ಕೆ ಮಾರೋದು. ಕಚ್ಚು ಹೊಂದಿತು, ಪಿನ್ನು ಹೊಂದಿತು, ವೋಲ್ಟೇಜ್ ಹೊಂದಿತು, ಟಕ್ ಅಂತ ಕೂತೂ ಕೂತಿತು. ಆದರೂ ಹೊಂದಲಿಲ್ಲ. ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ರೋ ವಿಳಾಸ, ಕಾಲಂ ವಿಳಾಸ ಅಂತ ಇದನ್ನೇ ಹತ್ತು ಅಂಕಕ್ಕೆ ಬರೆದಿದ್ದೆ.

ಜರ್ಮನ್ ಹಿರಿಯರು ಹುಬ್ಬು ಏರಿಸಿದ್ದು ಯಾಕೆ ಅಂತ ಆಗ ಗೊತ್ತಾಯ್ತು. ಅವರು ಕೊಟ್ಟ 512ರ ಎರಡು ಪಟ್ಟಿ ಹಾಕಿದೆ. ಒಂದೇ ಒಂದು ಪುಟ್ಟ ಬೀಪ್, ಪರದೆಯಲ್ಲಿ ಲೆಕ್ಕ ಓಡಿತು, ಪೂರ್ತಿ 1 ಜಿಬಿ! "ನೋಡಪ್ಪಾ" ಅಂದೆ. ಅಷ್ಟರಲ್ಲಿ ವಿಂಡೋಸ್ ಒಂದು ಸಂದೇಶ ತೋರಿಸಿ ನಿಂತುಬಿಡ್ತು. ಶುರುವಾಗೋಕೆ ಮೆಮೊರಿ ಸಾಲದಂತೆ!

ಅಪ್ಪ ನಗೋಕೆ ಶುರು ಮಾಡಿದರು. ನಾಲ್ಕು ಪಟ್ಟು ಕೊಟ್ಟ ಮೇಲೆ "ಸಾಲದು" ಅಂತಿದೆ.

ಇದು ವಿಂಡೋಸ್ 98ರ ಹಳೇ ರೋಗ. ಫೈಲುಗಳನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ವಿಕ್ಯಾಶ್ ಅನ್ನೋ ಭಾಗ ಅದರಲ್ಲಿದೆ. ಮೆಮೊರಿ ಎಷ್ಟಿದೆಯೋ ಅದಕ್ಕೆ ತಕ್ಕ ಹಾಗೆ ತನಗೂ ವಿಳಾಸಗಳನ್ನು ಕಾದಿರಿಸಿಕೊಳ್ಳುತ್ತೆ. 512 ಎಂಬಿ ದಾಟಿದರೆ ಅದರ ದುರಾಸೆಗೆ ವಿಂಡೋಸ್‌ನ ಬೇರೆ ಭಾಗಗಳಿಗೆ ವಿಳಾಸವೇ ಉಳಿಯದ ಹಾಗಾಗಬಹುದು. ಮೆಮೊರಿ ಇದೆ, ಕರೆಯೋಕೆ ವಿಳಾಸ ಇಲ್ಲ. ಸಿಸ್ಟಮ್.ಐಎನ್ಐ ಫೈಲಿನಲ್ಲಿ ಮ್ಯಾಕ್ಸ್‌ಫೈಲ್‌ಕ್ಯಾಶ್ ಅನ್ನೋ ಸಾಲು ಸೇರಿಸಿ ಅದಕ್ಕೆ ಮಿತಿ ಹಾಕಬಹುದು. ಆದರೆ ಅದಕ್ಕಿಂತ ಸುಲಭದ ಉಪಾಯ ಇನ್ನೊಂದಿದೆ.

"ಒಂದು ತೆಗೆದುಬಿಡೋ" ಅಂದ್ರು ಅಪ್ಪ. "ಅದಕ್ಕೆ ಬೇಕಾಗಿದ್ದೇ 256."

ತೆಗೆದೆ.

*

ಅವತ್ತು ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿದೆವು. ಅದು ಪ್ರತಿ ವಿಳಾಸಕ್ಕೂ ಒಂದು ಮಾದರಿ ಬರೆದು, ಓದಿ, ತಪ್ಪಿದ್ದರೆ ಕೆಂಪು ಸಾಲಿನಲ್ಲಿ ತೋರಿಸುತ್ತೆ. ಬೆಳಿಗ್ಗೆ ನೋಡಿದರೆ ಒಂದೂ ಕೆಂಪಿಲ್ಲ. ವಿಂಡೋಸ್ ಬಂತು, ಪೇಜ್‌ಮೇಕರ್ ಬಂತು. ಅಪ್ಪ ಮೌಸ್ ಹಿಡಿದು ಮೊದಲ ಪುಟ ತೆಗೆದರು. ಅಮ್ಮ ಕೈ ಒರೆಸಿಕೊಂಡು ಬಂದು ಹಿಂದೆ ನಿಂತರು. ಓದೋಕೆ ಶುರು ಮಾಡಿದ್ದು ಯಾವಾಗ ಹಾಡಾಯ್ತೋ ಗೊತ್ತಾಗಲಿಲ್ಲ.

ಅರುವತ್ತನೇ ಪುಟದ ಹತ್ತಿರ ಒಂದು ಹಾಡು ಅರ್ಧಕ್ಕೇ ನಿಂತಿತ್ತು. ಕೆಳಗೆ ಅಪ್ಪ ಸಣ್ಣ ಅಕ್ಷರದಲ್ಲಿ ಟೈಪ್ ಮಾಡಿದ್ದರು: "ಉಳಿದ ಎರಡು ನುಡಿ ನಾಳೆ ಹೇಳ್ತಾಳಂತೆ." ಆ ನಾಳೆ ಬಂದಿರಲೇ ಇಲ್ಲ. ಅಪ್ಪ ಅದನ್ನೇ ನೋಡ್ತಾ ಕೂತರು.

ಅಮ್ಮ ಅದನ್ನೂ ಹಾಡಿಬಿಟ್ಟರು. ಎರಡೂ ನುಡಿ.

"ನಿಂಗೆ ಹೆಂಗೆ ಗೊತ್ತು?" ಅಂದ್ರು ಅಪ್ಪ.

"ಇಪ್ಪತ್ತು ವರ್ಷ ಅವರ ಜೊತೆ ಕಾಯಿ ತುರಿದಿದ್ದೀನಿ, ಗೊತ್ತಿರಲ್ವಾ?"

ಅಪ್ಪ ಆ ಸಣ್ಣ ಅಕ್ಷರದ ಸಾಲನ್ನು ಅಳಿಸಲಿಲ್ಲ. ಅದರ ಕೆಳಗೆ, ಅದೇ ಯಂತ್ರದಲ್ಲಿ, ಅದೇ ಹಳೇ ಕೀಲಿಮಣೆಯಲ್ಲಿ, ಅಮ್ಮ ಹೇಳಿದ ಎರಡು ನುಡಿಯನ್ನ ಟೈಪ್ ಮಾಡಿದರು.

ಆಮೇಲಿನದ್ದು ನನಗೆ ಬರುವ ಕೆಲಸ. 96 ಪುಟವನ್ನೂ ಪೋಸ್ಟ್‌ಸ್ಕ್ರಿಪ್ಟ್ ಫೈಲಿಗೆ ಪ್ರಿಂಟ್ ಕೊಟ್ಟೆವು. ಅಕ್ಷರದ ಆಕಾರಗಳೂ ಆ ಫೈಲಿನೊಳಗೇ ಬರುವುದರಿಂದ ಡಾಂಗಲ್ಲಿನ ಹಂಗು ಅಲ್ಲಿಗೆ ಮುಗಿಯಿತು. ಹಾರ್ಡ್‌ಡಿಸ್ಕನ್ನು ಯುಎಸ್‌ಬಿ ಅಡಾಪ್ಟರಿಗೆ ಹಾಕಿ ಆ ಫೈಲನ್ನು ಲ್ಯಾಪ್‌ಟಾಪಿಗೆ ತಂದು ಪಿಡಿಎಫ್ ಮಾಡಿದೆ. ಈಗ ಅದು ಯಾವ ಕಂಪ್ಯೂಟರಿನಲ್ಲೂ, ಯಾರ ಫೋನಿನಲ್ಲೂ ತೆರೆಯುತ್ತೆ. ಮದುವೆಯಲ್ಲಿ ಮುನ್ನೂರು ಪ್ರತಿ ತಾಂಬೂಲದ ಜೊತೆ ಹೋದವು. ತಂಗಿ ಈಗ ಇಡೀ ಪುಸ್ತಕವನ್ನು ಯೂನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡ್ತಾ ಇದ್ದಾಳೆ, ನಲವತ್ತು ಹಾಡು ಮುಗಿದಿದೆ.

*

ನಿಮ್ಮ ಮನೆಯಲ್ಲೂ ಇಂಥದ್ದೊಂದು ಡಬ್ಬ ಅಟ್ಟದ ಮೇಲೆ ಇದ್ದರೆ, ಪೆಟ್ಟು ತಿಂದವನ ನಾಲ್ಕು ಮಾತು.

ಮೊದಲು ಬೋರ್ಡಿನ ಮಾಡೆಲ್ ನಂಬರ್ ಹುಡುಕಿ. ಅದನ್ನು ಸ್ಲಾಟುಗಳ ಪಕ್ಕದಲ್ಲೋ ನಡುವೆಯೋ ಬೋರ್ಡಿನ ಮೇಲೇ ಅಚ್ಚು ಮಾಡಿರುತ್ತಾರೆ. ಕೈಪಿಡಿಯಲ್ಲಿ ಗರಿಷ್ಠ ಎಷ್ಟು ಅಂತ ನೋಡಿದರೆ ಸಾಲದು, ಎಂಥ ಚಿಪ್ಪು ಅಂತಲೂ ನೋಡಿ. "ಹೈ ಡೆನ್ಸಿಟಿ" ಅಂತಲೋ "ರಿಜಿಸ್ಟರ್ಡ್" ಅಂತಲೋ ಬರೆದಿದ್ದರೆ ಎಂಥ ಅಗ್ಗವಾದರೂ ನಿಮ್ಮ ಬೋರ್ಡು ಒಪ್ಪುತ್ತೆ ಅಂತ ಖಾತ್ರಿಯಾಗದೆ ಕೊಳ್ಳಬೇಡಿ. ರಿಜಿಸ್ಟರ್ಡ್ ಪಟ್ಟಿಗಳು ಸರ್ವರ್‌ಗಳಿಗೆ ಅಂತ ಮಾಡಿದವು. ಈಗ ಇರುವ ಪಟ್ಟಿ ಕೆಟ್ಟಿದ್ದರೂ ಎಸೆಯಬೇಡಿ, ಅದರ ಮೇಲಿನ ಚೀಟಿಯೇ ನಿಮಗೆ ಬೇಕಾದ ಜಾತಕ. ಯಂತ್ರದಲ್ಲಿ ಯಾವ ವಿಂಡೋಸ್ ಇದೆ ಅಂತಲೂ ಗಮನ ಇರಲಿ. ಹಾಕಿದ ಮೇಲೆ ಒಂದು ರಾತ್ರಿ ಪರೀಕ್ಷೆ ಮಾಡಿ, ಆಮೇಲೆ ಕೆಲಸಕ್ಕೆ ಕೂತುಕೊಳ್ಳಿ. ಒಮ್ಮೆ ಎದ್ದಿತು ಅಂದ್ರೆ ಮೊದಲು ಒಳಗಿರೋದನ್ನ ಹೊರಗೆ ತನ್ನಿ. ಇನ್ನೊಂದು ಸಲ ಏಳುತ್ತೆ ಅಂತ ನಂಬಬೇಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ಕೊಂಡುತಂದವರನ್ನು ಒಂದು ಮಾತು ಕೇಳಿ. ಬೀರುವಿನಲ್ಲಿ ಕೈಪಿಡಿ ಇರಬಹುದು. ನಾನು ಏಳು ಸಾವಿರ ಕಿಲೋಮೀಟರ್ ದೂರದಿಂದ 3 ಜಿಬಿ ಹೊತ್ತುಕೊಂಡು ಹೋದೆ. ಅಪ್ಪ ಮೊದಲ ದಿನವೇ ಹೇಳಿದ್ದು 256.

ಉಳಿದ 512ರ ಪಟ್ಟಿ ಈಗ ಅದೇ ಪ್ಲಾಸ್ಟಿಕ್ ಕವರಿನಲ್ಲಿ, ಕೈಪಿಡಿಯ ಜೊತೆ ಬೀರುವಿನಲ್ಲಿದೆ. 1 ಜಿಬಿಯ ಎರಡು ಪಟ್ಟಿಗಳು ಮ್ಯೂನಿಕ್‌ನ ನನ್ನ ಮೇಜಿನ ಮೇಲೆ ಕೂತಿವೆ. ಭಾನುವಾರ ಫೋನ್ ಮಾಡಿದಾಗ ಅಪ್ಪ ಈಗಲೂ ಕೇಳ್ತಾರೆ, "ನಿನ್ನ ಕುದುರೆ ಹೆಂಗಿದೆಯೋ?"